ಐದು ಕಜ್ಜಾಯ

ಆಗೆಲ್ಲ ನಮ್ಮೂರಿನಲ್ಲಿ ಒಂದು ಮನೆಯಿಂದ ಇಡೀ ದಿನ ಒಗ್ಗರಣೆಯ ಸದ್ದು ಕೇಳದಿದ್ದರೆ, ಆ ಮನೆಗೆ ಅಮ್ಮ ಬಂದಿದ್ದಾಳೆ ಎಂದು ಬೀದಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಅಮ್ಮ ಎಂದರೆ ಸೀತಾಳೆ ಸಿಡುಬು. ಗುಳ್ಳೆ ಎದ್ದವರಿಗೆ ಮೂರು ಸಲ ಬೇವಿನ ನೀರು ಹಾಕಿ ಮುಗಿಸುವ ತನಕ ಸಾಸಿವೆ ಸಿಡಿಸುವಂತಿಲ್ಲ, ಬಾಣಲೆ ಇಡುವಂತಿಲ್ಲ. ಮನೆಮಂದಿಗೆಲ್ಲ ಸಪ್ಪೆ ಬೇಳೆ, ಮೊಸರನ್ನ. ಊರೆಲ್ಲ ಹಿತುಕಿದ ಬೇಳೆ ಸಾರು ಕುದಿಯುವ ಅವರೆಕಾಯಿ ಕಾಲದಲ್ಲೇ ನನಗೆ ಅಮ್ಮ ಆಯಿತು. ನನಗಾಗ ಒಂಬತ್ತು ವರ್ಷ. ನಾನು ಶುದ್ಧ ಹೊಟ್ಟೆಬಾಕಿ.

ರಾಗಿ ಮೂಟೆ ಇಡುವ ಒಳಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ನನ್ನನ್ನು ಮಲಗಿಸಿದ್ದರು. ಗೇಣಗಲದ ಒಂದು ಕಿಟಕಿ. ಅದರಾಚೆ ಪಕ್ಕದ ಮನೆಯ ಚಿಕ್ಕವ್ವನ ಅಡುಗೆಮನೆ. ಬಿಳಿಗಿರಿರಂಗನ ಬೆಟ್ಟದ ಒಂದು ತುಣುಕು ಕಾಣುತ್ತಿತ್ತು ನಿಜ, ಆದರೆ ನನಗೆ ಬೇಕಾಗಿದ್ದದ್ದು ಬೆಟ್ಟವಲ್ಲ. ಚಿಕ್ಕವ್ವ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಾಗ ಆ ಕಿಟಕಿಗೆ ಮೂಗು ಒತ್ತಿಕೊಂಡು ಅಳುತ್ತಿದ್ದೆ. ಮೈಯೆಲ್ಲ ನವೆ, ಕೆರೆಯುವಂತಿಲ್ಲ. ಹೊಸ್ತಿಲು ದಾಟುವಂತಿಲ್ಲ.

ಐದನೇ ದಿನ ಹನೂರು ಕಡೆಯವರು ಅಕ್ಕನನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದರು. ಅಕ್ಕ ಆಗ ಎರಡನೇ ಪಿಯುಸಿ. ಬೆಳಗಿನ ಬಸ್ಸು ಹಿಡಿದು ಕೊಳ್ಳೇಗಾಲದ ಕಾಲೇಜಿಗೆ ಹೋಗುತ್ತಿದ್ದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಮುಂದೆ ಟೀಚರ್ ಆಗುತ್ತೇನೆ ಎಂದು ನಮ್ಮ ಎಮ್ಮೆಗೂ ಹೇಳಿಯಾಗಿತ್ತು. ಅಪ್ಪನಿಗೆ ಮಾತ್ರ ಈ ಸಂಬಂಧ ಕೈತಪ್ಪಬಾರದು ಎಂಬ ಹಟ. ಮನೆಯಲ್ಲಿ ಅಮ್ಮ ಇದ್ದಾಳೆಂದು ತಿಳಿದರೆ ಬಂದವರು ನೀರು ಕೂಡ ಮುಟ್ಟದೆ ಎದ್ದು ಹೋಗುತ್ತಾರೆ, ಅಪಶಕುನ ಎಂದು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ನನ್ನನ್ನು ಬಚ್ಚಿಡುವುದೆಂದು ತೀರ್ಮಾನವಾಯಿತು.

ಅವ್ವ ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಗೊಂಚಲು ಕಿತ್ತು, ತಪ್ಪಾಯ್ತು ತಾಯಿ ಎಂದು ಕೆನ್ನೆ ಬಡಿದುಕೊಂಡಳು. ಉಪ್ಪಿಟ್ಟು, ಕಜ್ಜಾಯ ಎರಡೂ ಚಿಕ್ಕವ್ವನ ಮನೆಯಲ್ಲೇ ತಯಾರಾದವು. ನೆನೆಸಿ ಕುಟ್ಟಿದ ಅಕ್ಕಿ ಹಿಟ್ಟನ್ನು ಬೆಲ್ಲದ ಪಾಕಕ್ಕೆ ಕಲಸಿ, ಗಸಗಸೆ ಒತ್ತಿ ಎಣ್ಣೆಗೆ ಬಿಟ್ಟಾಗ ಬರುವ ಆ ಘಮ ಕಿಟಕಿಯಿಂದ ನೇರ ನನ್ನ ಹೊಟ್ಟೆಗೇ ಇಳಿಯಿತು.

ಅವ್ವ ಬಂದು ಕೂತಳು. "ಅವ್ರು ಓಗೋಗಂಟ ಉಸುರು ಬುಡ್ಬ್ಯಾಡ ಕಣಮ್ಮಿ. ಮೂರ್ನೇ ನೀರು ಬಿದ್ದೇಟ್ಗೆ ಕಜ್ಜಾಯ ಕೊಡ್ತಿನಿ."

"ಎಷ್ಟು?"

"ಎಲ್ಡು."

"ಐದು."

"ಆಯ್ತು ಕಣೆ ತಾಯಿ, ಐದು. ಬಾಯ್ ಮುಚ್ಕಂಡು ಬಿದ್ದಿರು."

ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಕಾರು ನಿಂತ ಸದ್ದು, ಚಾಪೆ ಹಾಸಿದ ಸದ್ದು, ಯಾರೋ ನಕ್ಕ ಸದ್ದು. ಸ್ವಲ್ಪ ಹೊತ್ತಿಗೆ ಚಿಲಕ ಮೆಲ್ಲಗೆ ತೆರೆಯಿತು. ಅಕ್ಕ. ಅವ್ವನ ರೇಷ್ಮೆ ಸೀರೆ ಉಟ್ಟಿದ್ದಳು. ತಾಂಬೂಲದ ತಟ್ಟೆ ತೆಗೆದುಕೊಳ್ಳುವ ನೆಪದಲ್ಲಿ ಬಂದವಳು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಹೇಳಿದಳು.

"ಒಂದ್ಸಲ ಕೆಮ್ಮು ಕಣಮ್ಮಿ."

ತಮಾಷೆ ಅಂದುಕೊಂಡೆ.

"ಅವ್ರು ನಿನ್ ವಿಚಾರ ಕೇಳ್ತರೆ. ಆಗ ಜೋರಾಗಿ ಕೆಮ್ಮು. ಎದ್ದೋಯ್ತರೆ. ನಾನು ಪರೀಕ್ಷೆ ಬರ್ಕತಿನಿ."

"ಅವ್ವ ಒಡೀತಳೆ."

"ಅಡ್ಡ ನಾ ಬತ್ತಿನಿ. ಏಟು ನಂಗೇ ಬೀಳ್ಲಿ."

"ನೀನೇ ಅಪ್ಪಂಗೆ ಯೋಳು."

"ಯೋಳ್ದೆ ಕಣೆ. ಎಲ್ಡ್ ಸಲ ಯೋಳ್ದೆ." ನನ್ನ ಕೈ ಹಿಡಿದುಕೊಂಡಳು. ಹೊರಗೆ ಅವ್ವ ಕರೆದಳು. ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಮತ್ತೆ ಚಿಲಕ ಬಿತ್ತು.

ಹುಡುಗನ ತಾಯಿಯ ದನಿ ನನಗೆ ಚೆನ್ನಾಗಿ ಕೇಳಿತು. "ಇನ್ನೊಂದ್ ಎಣ್ಮಗ ಅದೆ ಅಂದ್ರಲ್ಲ, ಎಲ್ಲಿ?"

"ಅಜ್ಜಿ ಊರ್ಗೆ ಓಗವ್ಳೆ ಕಣ್ರಿ," ಎಂದಳು ಅವ್ವ.

ಅಕ್ಕ ನನ್ನ ಕೆಮ್ಮಿಗೆ ಕಾಯುತ್ತಿದ್ದಾಳೆಂದು ಗೋಡೆಯ ಈಚೆಗಿದ್ದ ನನಗೂ ಗೊತ್ತಿತ್ತು. ಆಶ್ಚರ್ಯವೆಂದರೆ ಆಗ ನನಗೆ ನಿಜವಾಗಿಯೇ ಕೆಮ್ಮು ಬಂತು. ಗಂಟಲು ಕಿತ್ತುಕೊಂಡು ಬಂತು. ನಾನು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ಒತ್ತಿ ಹಿಡಿದೆ. ಅವ್ವನ ಏಟಿಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಕಜ್ಜಾಯ ಮಾತ್ರ.

"ಕಜ್ಜಾಯ ಮೆತ್ತಗವೆ. ಯಾರ್ ಮಾಡಿದ್ದು?" ಎಂದು ಹುಡುಗನ ತಾಯಿಯೇ ಕೇಳಿದಳು.

"ನಮ್ ಉಡ್ಗೀನೆ," ಎಂದಳು ಅವ್ವ. ಸಂಬಂಧ ಕೂಡಿಬಂತು. ಯುಗಾದಿಗೆ ಮೊದಲೇ ಮದುವೆ ಎಂದಾಯಿತು. ಅಕ್ಕನ ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು.

ಮೂರನೇ ನೀರು ಬಿದ್ದ ದಿನ ಅವ್ವ ಮಾತು ಉಳಿಸಿಕೊಂಡಳು. ಅಕ್ಕ ಹಜಾರದಲ್ಲಿ ಕೂತು ಅವರೆ ಹಿತುಕುತ್ತಿದ್ದಳು. ನಾನು ಅವಳ ಎದುರಿಗೇ ಐದನ್ನೂ ತಿಂದೆ. ರುಚಿಯಾಗಿದ್ದವು, ಇಲ್ಲವೆನ್ನಲಾರೆ. ಅಕ್ಕ ಒಂದು ಮಾತೂ ಬೈಯಲಿಲ್ಲ. ಅವತ್ತು ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಭಾವ ಒಳ್ಳೆಯವರೇ. ಅಕ್ಕನ ಮಕ್ಕಳು ಓದಿ ಕೆಲಸಕ್ಕೂ ಸೇರಿದ್ದಾರೆ. ಈಗ ಅಮ್ಮ ಬಂದರೂ ಯಾರೂ ಒಗ್ಗರಣೆ ನಿಲ್ಲಿಸುವುದಿಲ್ಲ. ಬೆಟ್ಟ ನೋಡಲು ಬರುವವರು ಸಾಂಪ್ರದಾಯಿಕ ತಿಂಡಿ ಎಂದು ಪೊಟ್ಟಣದ ಕಜ್ಜಾಯ ಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಕಳೆದುಕೊಂಡದ್ದು ಅದನ್ನಲ್ಲ. ಆ ದಿನದ ತನಕ ಅಕ್ಕ ನನ್ನನ್ನು ಹತ್ತು ಕೆಲಸಕ್ಕೆ ಕೂಗುತ್ತಿದ್ದಳು. ಜಡೆ ಹಿಡಿದುಕೊ, ಬುಕ್ಕು ತಕೊಂಡು ಬಾ, ಅಪ್ಪನಿಗೆ ಹೇಳಬೇಡ.

ಹೋದ ತಿಂಗಳು ಮಂಡಿ ನೋವಿಗೆ ಮಲಗಿದ್ದ ಅವಳನ್ನು ನೋಡಲು ಹನೂರು ಕಡೆಗೆ ಹೋಗಿದ್ದೆ. ಮಂಚದ ಪಕ್ಕದಲ್ಲೇ ನಾನು ಕೂತಿದ್ದೆ. ಬಾಯಾರಿದಾಗ ಅಕ್ಕ ನನ್ನನ್ನು ದಾಟಿ ನೋಡಿ, ಬಾಗಿಲಲ್ಲಿದ್ದ ಪಕ್ಕದ ಮನೆಯ ಹುಡುಗಿಯನ್ನು ಕರೆದು ನೀರು ಕೇಳಿದಳು. ನಾನು ಎದ್ದೆ. "ನೀ ಕೂತ್ಕೊ ಕಣಮ್ಮಿ," ಎಂದಳು, ಪ್ರೀತಿಯಿಂದಲೇ.