ಮಾರದೆ ಹಂಚಿದ ಮೆಂತೆಪಲ್ಲೆ

“ಅಕ್ಕಾರ, ನೀವು ಮಾಡಿದ್ದು ಒಕ್ಕಲುತನನೋ, ಹವ್ಯಾಸನೋ?”

ಇಂಗ್ಲೆಂಡಿನ ಲೀಡ್ಸಿನ ಆಫೀಸಿನಲ್ಲಿ ಕುಳಿತು ನನ್ನ ತೆರಿಗೆ ಕಾಗದ ನೋಡುತ್ತಿದ್ದ ಅಕೌಂಟೆಂಟ್ ಪಾಟೀಲರು ಹೀಗೆ ಕೇಳಿದಾಗ ಸಿಟ್ಟು ನೆತ್ತಿಗೇರಿತು. ಬೈಲಹೊಂಗಲದ ಒಕ್ಕಲು ಮನೆತನದ ಮಗಳು ನಾನು. ಹಡರ್ಸ್‌ಫೀಲ್ಡಿನ ಆಸ್ಪತ್ರೆಯಲ್ಲಿ ಹದಿನೈದು ವರ್ಷ ಔಷಧ ಎಣಿಸಿ ಸಾಕಾಗಿ, ಕೆಲಸ ಬಿಡದೆಯೇ ಹೋದ ಬೇಸಿಗೆಯಲ್ಲಿ ಅಲ್ಲಿನ ಊರ ಹೊರಗಿನ ಗುಡ್ಡದ ಮೇಲೆ ಅರ್ಧ ಎಕರೆ ಬಾಡಿಗೆಗೆ ಹಿಡಿದಿದ್ದೆ. ಅಲ್ಲೊಂದು ಪಾಲಿಟನಲ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಬೆಳೆಮನೆ ಕಟ್ಟಿಸಿದೆ. ಗಾಳಿಗೆ ಹರಿದುಹೋಯಿತು, ಮತ್ತೆ ಕಟ್ಟಿಸಿದೆ. ಈ ಖರ್ಚು ನನ್ನ ಸಂಬಳದ ತೆರಿಗೆಯಲ್ಲಿ ಕಳೆಯಲು ಬಂದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಹೊಲ ಬಿಡುವುದು ಎಂದು ನಮ್ಮ ಮನೆಯವರು ಖಡಾಖಂಡಿತವಾಗಿ ಹೇಳಿದ್ದರು.

“ಬೆಳಿ ಹಾಳಾಗಿದ್ರ ಬ್ಯಾರೆ ಮಾತು,” ಅಂದರು ಪಾಟೀಲರು. “ನಿಮ್ಮದು ಛಲೋ ಬೆಳದೈತಿ. ಮಾರಿದ್ದು ಮಾತ್ರ ಸೊನ್ನಿ. ಹವ್ಯಾಸದ ಖರ್ಚು ಕಳಿಯಾಕ ಬರೂದಿಲ್ಲ. ಗಳಿಸಬೇಕಂತ ಮಾಡೀರಿ ಅನ್ನಾಕ ಪುರಾವೆ ಏನೈತಿ?”

“ಹೊಸ ಹೊಲದ ಮೊದಲನೇ ಬೆಳಿ ಯಾರರೆ ಮಾರ್ತಾರೇನ್ರಿ?”

ನಮ್ಮ ಮನೆಯಲ್ಲಿ ಅದು ದೇವರಿಗೆ, ಮಠಕ್ಕೆ, ಓಣಿಯವರಿಗೆ. ಮಾರಿದರೆ ಹೊಲ ಕೈ ಹಿಡಿಯುವುದಿಲ್ಲವೆಂದು ಅಪ್ಪ ಹೇಳುತ್ತಿದ್ದ. ಇಲ್ಲಿ ಮಠವಿಲ್ಲ, ಓಣಿಯೂ ಇಲ್ಲ. ಹಾಗಾಗಿ ದಸರೆಯ ವಾರ ಮೆಂತೆಪಲ್ಲೆಯನ್ನು ಸಿವುಡು ಸಿವುಡಾಗಿ ಕಟ್ಟಿ ಕಾರಿನ ತುಂಬ ಹೇರಿಕೊಂಡು ಶೆಫೀಲ್ಡಿನಿಂದ ಲೀಡ್ಸಿನವರೆಗೆ ಕನ್ನಡದವರ ಮನೆಮನೆಗೂ ಹಂಚಿ ಬಂದಿದ್ದೆ. ಆಮೇಲೆ ಚಳಿ ಹಿಡಿಯಿತು, ಏಪ್ರಿಲ್‌ಗೆ ತೆರಿಗೆಯ ವರ್ಷವೂ ಮುಗಿಯಿತು.

“ನೀವೂ ಎರಡು ಸಿವುಡು ಒಯ್ದೀರಿ,” ಎಂದೆ.

“ತಿಂದೀನ್ರಿ. ಹೆಸರುಬ್ಯಾಳಿ ಹಾಕಿ ಮಾಡಿದ್ಲು ನಮ್ಮಾಕಿ. ರುಚಿ ಇತ್ತಂತ ಅರ್ಜಿಯೊಳಗ ಬರೀಲೇನು?”

ಊರಲ್ಲಿ ನೀನು ರೈತನೇ ಎಂದು ನಮ್ಮಪ್ಪನನ್ನು ಯಾರೂ ಕೇಳಲಿಲ್ಲ. ಅವನ ಒಡೆದ ಹಿಮ್ಮಡಿ ನೋಡಿದರೆ ಸಾಕಿತ್ತು. ಇಲ್ಲಿ ಬಿಲ್ ಬೇಕು. ಹಿಂದಿನ ತಾರೀಖು ಹಾಕಿ ಒಂದು ಬಿಲ್ ಬರೆದುಬಿಡಲೇ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

“ಈಗರೆ ಮಾರ್ರಿ. ಬಿಲ್ ಇಡ್ರಿ,” ಅಂದರು ಅವರು, ಮೆತ್ತಗೆ. “ಅದನ್ನ ತೋರಿಸಿ ಹೋದ ವರ್ಷದ ಖರ್ಚು ಕೇಳೋಣು. ಒಪ್ಪತಾರೋ ಇಲ್ಲೋ, ನನ್ನ ಕೈಯಾಗಿಲ್ಲ.”

ಜೂನಿನಲ್ಲಿ ಮತ್ತೆ ಬೆಳೆ ಬಂತು. ಪಲ್ಲೆಗೆಂದು ಮೊದಲು ಬಂದವಳು ಮೈಸೂರು ಕಡೆಯ ಗಿರಿಜಾ. ಇಲ್ಲಿ ನನಗೆ ಆಪರೇಷನ್ ಆದಾಗ ತಿಂಗಳುಗಟ್ಟಲೆ ಗಂಜಿ ತಂದುಕೊಟ್ಟವಳು. ಅವಳ ಹೆಸರೆತ್ತಿದರೆ ಊರಿನಲ್ಲಿರುವ ನನ್ನ ವೈನಿ, ಅಣ್ಣನ ಹೆಂಡತಿ, ಇಂದಿಗೂ ಕೈ ಮುಗಿಯುತ್ತಾರೆ.

“ಗಿರಿಜಾ, ಈ ಸಲ ಸಿವುಡಿಗೆ ಒಂದು ಪೌಂಡು.”

“ಅಯ್ಯೋ, ಕೊಡ್ತೀನಿ ಬಿಡೇ, ಅದಕ್ಕೇನಂತೆ!” ಎಂದು ನಕ್ಕಳು. ಹೋದ ಸಲ ಐದು ಒಯ್ದವಳು ಎರಡೇ ತೆಗೆದುಕೊಂಡಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿ ಬಿಲ್ಲಿನ ಮೇಲೆ ಅವಳ ಹೆಸರು ಬರೆದೆ.

ಭಾನುವಾರ ವೈನಿಗೆ ಫೋನು ಮಾಡಿ ಪಲ್ಲೆ ಮಾರಿದ್ದನ್ನು ಹೇಳಿದೆ.

“ರೊಕ್ಕಾ ತಗೊಂಡ್ಯಾ?”

“ತಗೊಂಡೆ, ವೈನಿ.”

“ಹೋಗ್ಲಿ ಬಿಡವಾ. ಹೊರಗಿನ ಮಂದಿ ಅಂದಮ್ಯಾಲೆ ತಗೋಬೇಕಾಗತೈತಿ.”

ಹೂಂ ಅಂದೆ. ಯಾರ ಕೈಯಿಂದ ತಗೊಂಡೆ ಎಂದು ಹೇಳಲಿಲ್ಲ.