ಹಿಂಬಾಗಿಲ ಬಳಿಯ ಮೇಜು

ಬೆಳಗಿನ ಆರೂವರೆ. ಕಿರ್ಗಿಸ್ತಾನದ ಗುಡ್ಡಗಾಡಿನ ಈ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಬುರುಲ್ ಎಜೆ ಒಲೆಗೆ ಕಲ್ಲಿದ್ದಲು ಸುರಿದು, ಚಹಾಕ್ಕೆ ನೀರಿಟ್ಟು, ದೂರಿನ ಪುಸ್ತಕ ತೆರೆಯುತ್ತಾರೆ. ಮೊದಲ ವ್ಯಾನಿನಲ್ಲಿ ದೂರದ ಹಳ್ಳಿಗಳಿಂದ ಬರುವವರು ಚಳಿಯಲ್ಲಿ ನಡುಗುತ್ತ ನಿಲ್ಲಬಾರದು ಎಂಬುದು ಅವರ ಹಟ.

ವಯಸ್ಸು ಐವತ್ತೆಂಟು. ಊರಿಗೆಲ್ಲ ಅಕ್ಕ, ಅಂದರೆ ಎಜೆ. ದೂರು ಬರೆದುಕೊಂಡು ಉತ್ತರ ಟೈಪ್ ಮಾಡುವುದು ಅವರ ಇಪ್ಪತ್ತೆರಡು ವರ್ಷಗಳ ಕೆಲಸ. ಗಂಡ ತೀರಿಕೊಂಡ ಮೇಲೆ ಇದೇ ಸಂಬಳದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ದಿನಕ್ಕೆ ಹತ್ತು ಹನ್ನೆರಡು ಪತ್ರ: ಸೋರುವ ಮಾಡು, ಬಾರದ ಪಠ್ಯಪುಸ್ತಕ, ಶಿಕ್ಷಕರ ತಲೆಗೆ ಕಟ್ಟಿದ ವರದಿಗಳು. ಐವರು ಮುಖ್ಯಾಧಿಕಾರಿಗಳು ಬಂದುಹೋದರೂ ಉತ್ತರ ಒಂದೇ.

"'ಪರಿಶೀಲಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು.' ಈ ಸಾಲನ್ನ ನಿದ್ದೇಲೂ ಹೊಡೀತೀನಿ ಕಣಪ್ಪ" ಎನ್ನುತ್ತಾರೆ ಎಜೆ, ಅವರ ಬಗ್ಗೆ ಜಿಲ್ಲಾ ಪತ್ರಿಕೆಗೆ ಬರೆಯಲು ಬಂದ ನನಗೆ.

ಈಗಿನ ಮುಖ್ಯಾಧಿಕಾರಿ ತಾಲಾಯ್‌ಬೆಕ್ ಒಂದು ಕಾಲದ ಗಣಿತದ ಮೇಷ್ಟ್ರು; ಎಲ್ಲರೂ ಈಗಲೂ 'ಅಗಾಯ್', ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಾರೆ. ಕೆಟ್ಟವರಲ್ಲ, ಬೈಸಿಕೊಳ್ಳಲು ಅಂಜುತ್ತಾರೆ ಅಷ್ಟೆ. ಪೋಷಕರು ಬಂದರೆಂದರೆ ಹಿಂಬಾಗಿಲಿನಿಂದ ಮಾಯ. ಎಜೆ ಜಗಳಕ್ಕೆ ಹೋಗಲಿಲ್ಲ. ಚಹಾದ ಮೇಜನ್ನು ಆ ಬಾಗಿಲ ಬಳಿಗೆ ಎಳೆದು ರೊಟ್ಟಿ ಇಟ್ಟರು. ಕರೆದು ರೊಟ್ಟಿ ಕೊಟ್ಟಾಗ ಒಂದು ಚೂರೂ ಬಾಯಿಗೆ ಹಾಕದೆ ದಾಟಿಹೋಗುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಇವತ್ತು ಚಿರಾಕ್-ಬುಲಾಕ್ ಹಳ್ಳಿಯಿಂದ ಏಳು ಜನ ಬಂದು ಆ ಮೇಜಿನ ಸುತ್ತ ಕೂತಿದ್ದಾರೆ. ಅಲ್ಲಿನ ಶಾಲೆ ಮುಚ್ಚಿ, ಮೂವತ್ತೊಂದು ಮಕ್ಕಳನ್ನು ಕಣಿವೆಯಾಚೆಯ ಶಾಲೆಗೆ ಕಳಿಸುವ ಆದೇಶ ಸಹಿಗೆ ಕಾದಿದೆ. ಅಷ್ಟರಲ್ಲಿ ಅಗಾಯ್ ಟೋಪಿ ಹಾಕಿಕೊಂಡು ಹಿಂಬಾಗಿಲಿಗೆ ಬರುತ್ತಾರೆ.

"ಅಗಾಯ್, ರೊಟ್ಟಿ ಮುರೀರಿ."

"ಎಜೆ, ಅರ್ಜೆಂಟ್ ಮೀಟಿಂಗ್ ಇದೆ..."

"ಮೀಟಿಂಗು ಇಲ್ಲೇ ಕೂತಿದೆಯಲ್ಲ. ಒಂದೇ ಚೂರು."

ಚೂರು ಮುರಿಯುತ್ತಾರೆ. ಚಹಾ ಬರುತ್ತದೆ. ಕೂರದೆ ವಿಧಿಯಿಲ್ಲ.

ಆ ಹಳ್ಳಿಯ ಶಿಕ್ಷಕಿ ಜಿಪಾರ್ ಮೆಲ್ಲಗೆ ಕೇಳುತ್ತಾರೆ: "ಆ ದಾರೀಲಿ ನೀವು ಯಾವತ್ತಾದ್ರೂ ನಡೆದಿದೀರಾ ಅಗಾಯ್?"

"ಮ್ಯಾಪಲ್ಲಿ ನೋಡಿದೀನಿ. ಮೂರೇ ಕಿಲೋಮೀಟರ್."

"ಮ್ಯಾಪಿನ ಮೇಲೆ ಹಿಮ ಬೀಳಲ್ಲ ಬಿಡಿ" ಎನ್ನುತ್ತಾನೆ ಕುರಿ ಕಾಯುವ ಒಮುರ್‌ಬೆಕ್. "ಜನವರೀಲಿ ಅಲ್ಲಿ ಹಿಮ ಸೊಂಟದ ತನಕ ಬರುತ್ತೆ. ನನ್ನ ಸೊಂಟದ ತನಕ. ನನ್ನ ಮಗಳಿಗೆ ಏಳು ವರ್ಷ."

ಅಗಾಯ್ ಮುಖ ಕೆಂಪಾಗಿದೆ, ಆದರೆ ಜಾರಿಕೊಳ್ಳಲು ನೆಪ ಹುಡುಕುವುದಿಲ್ಲ. ಅವರ ಬಗ್ಗೆ ನನಗೆ ಮೊದಲ ಸಲ ಗೌರವ ಹುಟ್ಟುತ್ತದೆ.

"ಗುರುವಾರ ಬೆಳಿಗ್ಗೆ ಬರ್ತೀನಿ. ಮಕ್ಕಳ ಜೊತೆ ಆ ದಾರೀಲಿ ನಡೀತೀನಿ. ಅಲ್ಲೀವರೆಗೂ ಸಹಿ ಹಾಕಲ್ಲ."

ಎಲ್ಲರೂ ಹೋದ ಮೇಲೆ ಎಜೆ ಉತ್ತರ ಟೈಪ್ ಮಾಡುತ್ತಾರೆ. ಶಾಲೆ ಉಳಿಯುತ್ತದೆಯೋ ಇಲ್ಲವೋ, ಅವರಿಗೂ ಗೊತ್ತಿಲ್ಲ.

"ನಾನು ಹೊಡೆದ ಉತ್ತರದಲ್ಲಿ, ಇಂಥ ದಿನ ಬರ್ತೀವಿ ಅಂತ ತಾರೀಖು ಇರೋದು ಇದೇ ಮೊದಲು" ಎಂದು ಹಾಳೆ ತೋರಿಸುತ್ತಾರೆ. ಕಣ್ಣು ಹನಿಗೂಡಿದೆ.

ನಿಮಗೇನು ಆಸೆ ಎಂದರೆ ನಗುತ್ತಾರೆ. "ಗುರುವಾರ ರಜೆ ಹಾಕಿದೀನಿ. ನಾನೂ ನಡೀಬೇಕು. ಹಿಮದಲ್ಲಿ ಅಗಾಯ್ ಹಿಂದೆ ಬಿದ್ರೆ ಕೈ ಹಿಡಿಯೋಕೆ ಒಬ್ರು ಬೇಡ್ವಾ?"