ನೀಲಿ ಕೂದಲಿನ ಹುಡುಗಿಯ ಪುರಾಣ

ಇಳಕಲ್ ಸೀರೆಗೆ ರವಿಕೆಯ ಬದಲು ಕಪ್ಪು ಟೀ ಶರ್ಟು, ಅದರ ಎದೆಯ ಮೇಲೆ ದೋಣಿಯ ಹುಟ್ಟು ಹಿಡಿದು ನಿಂತ ನೀಲಿ ಕೂದಲಿನ ಹುಡುಗಿ. ಮೇಲಿನ ಮನೆಯ ಅಕ್ಕನನ್ನು ನಾನು ಮೊದಲು ನೋಡಿದ್ದು ಹೀಗೆ, ಅಮೆರಿಕದ ಕರ್ಕ್‌ಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಗಣಪತಿ ಹಬ್ಬದ ದಿನ. ಮೂಗಿನಲ್ಲಿ ಮೂಗುತಿ, ಕೈತುಂಬ ಹಸಿರು ಬಳೆ, ತಲೆಯೆಲ್ಲ ಅರ್ಧಕ್ಕರ್ಧ ಬೆಳ್ಳಗಾಗಿತ್ತು. “ಬ್ಲೌಸ್ ಹೊಲಿಯೋರು ಯಾರೂ ಸಿಗ್ಲಿಲ್ವಾ?” ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ, ತಡೆಯಿಲ್ಲ.

“ಹಬ್ಬಕ್ಕ ಎಲ್ಲಾರೂ ಹೊಸಾ ಅರಿವಿ ಹಾಕ್ಕೋತಾರ್ರೀ. ನಂದು ಇದಾ ಹೊಸಾದು,” ಎಂದರು ಅವರು, ಸ್ವಲ್ಪವೂ ಮುಖ ಕೆಡಿಸಿಕೊಳ್ಳದೆ. “ಈಕಿ ಯಾರು ಅಂತ ಕೇಳಲೇ ಇಲ್ಲಲ್ಲ ನೀವು?”

ಕೇಳಿದೆ. ಲಿಫ್ಟು ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ಮೇಲೆ ಹೋಯಿತು. ಅವರ ಮಾತು ಮುಗಿಯಲಿಲ್ಲ.

ಆ ಹುಡುಗಿ ಒಂದು ಮಂಗಾದ ನಾಯಕಿ. ಮಂಗಾ ಎಂದರೆ ಜಪಾನಿನ ಚಿತ್ರಕಥೆಯ ಪುಸ್ತಕ, ಒಂದೇ ಕಥೆ ಸಂಪುಟದ ಮೇಲೆ ಸಂಪುಟ ವರ್ಷಗಟ್ಟಲೆ ಬರುತ್ತಿರುತ್ತದೆ. ಕಳೆದುಹೋದ ಅಣ್ಣನನ್ನು ಹುಡುಕುತ್ತ ಈಕೆ ಲೋಕದಿಂದ ಲೋಕಕ್ಕೆ ದೋಣಿ ನಡೆಸುತ್ತಾಳೆ. ಒಂದು ಲೋಕದಲ್ಲಿ ಮಳೆ ನೆಲದಿಂದ ಮೇಲಕ್ಕೆ ಸುರಿಯುತ್ತದೆ, ಇನ್ನೊಂದರಲ್ಲಿ ಜನ ತಮ್ಮ ನೆರಳನ್ನು ಮನೆಯಲ್ಲಿ ಬಿಟ್ಟು ಸಂತೆಗೆ ಬರುತ್ತಾರೆ. ಬಸ್ಸು ತಪ್ಪಿದ ಒಂದು ಸಂಜೆ ಲೈಬ್ರರಿಯಲ್ಲಿ ಹೊತ್ತು ಕಳೆಯಲು ಕೂತಾಗ ಅಕ್ಕನ ಕೈಗೆ ಮೊದಲ ಸಂಪುಟ ಸಿಕ್ಕಿತ್ತಂತೆ. ಅಲ್ಲಿಂದ ಹುಚ್ಚೇ ಹಿಡಿಯಿತು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯ ಹೆಂಗಸು, ಮೀಟಿಂಗಿನ ನಡುವೆ ಆ ಹುಡುಗಿಯ ಚಿಂತೆ ಮಾಡುತ್ತಿದ್ದರು! “ಅಕ್ಕಾ, ಈ ವಯಸ್ಸಲ್ಲಿ ಬೊಂಬೆ ಪುಸ್ತಕನಾ?” ಎಂದು ನಾನು ರೇಗಿಸಿದರೆ, “ಬೊಂಬಿ ಬ್ಯಾಡಾದ್ರ ನಿಮ್ಮ ದೇವರ ಮನ್ಯಾಗ ಫೋಟೋ ಯಾಕ ಇಟ್ಟೀರಿ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಶನಿವಾರ ಸಂಜೆ ಅವರ ಮನೆಯಲ್ಲಿ, ಸುತ್ತಲಿನ ಕನ್ನಡದವರಿಗೂ ಮಕ್ಕಳಿಗೂ, ಓದು ನಡೆಯುತ್ತಿತ್ತು. ಗದಗಿನಲ್ಲಿ ಅವರ ತಂದೆ ಶ್ರಾವಣ ಮಾಸದಲ್ಲಿ ಪುರಾಣ ಹೇಳುತ್ತಿದ್ದವರು. ಅಕ್ಕನದೂ ಅದೇ ಪದ್ಧತಿ. ಕೈಕಾಲು ತೊಳೆದು, ದೀಪ ಹಚ್ಚಿ, ತಂದೆಯ ವ್ಯಾಸಪೀಠದ ಮೇಲೆ ಮಂಗಾ ಇಟ್ಟು, ಇಂಗ್ಲಿಷ್ ಮಾತುಗಳನ್ನು ಕಣ್ಣಲ್ಲಿ ಓದಿಕೊಂಡು ಬಾಯಲ್ಲಿ ಗದಗಿನ ಕನ್ನಡ ಹೇಳುತ್ತಿದ್ದರು. ನೀಲಿ ಕೂದಲಿನವಳು ರಾಕ್ಷಸನಿಗೆ “ಏನಲೇ ಭಾಡ್ಯಾ” ಎಂದಾಗ ಮಕ್ಕಳು ನೆಲಕ್ಕೆ ಬಿದ್ದು ನಗುತ್ತಿದ್ದವು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಅಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದಳು. ಕೊನೆಗೆ ಮಂಗಳಾರತಿ, ಆಮೇಲೆ ಮಿರ್ಚಿ ಭಜಿ.

ಒಂದೇ ಒಂದು ನಿಯಮ ಇತ್ತು. ದುಃಖದ ಜಾಗದಲ್ಲಿ ಓದು ನಿಲ್ಲಿಸುವ ಹಾಗಿಲ್ಲ. ಯಾರಾದರೂ ಸಾಯುವ, ಅಗಲುವ ಪುಟ ಬಂದರೆ, ಹೊತ್ತಾಗಲಿ ಬಿಡಲಿ, ಒಳ್ಳೆಯದು ಏನಾದರೂ ಆಗುವವರೆಗೆ ಮುಂದೆ ಓದಲೇಬೇಕು. “ನಮ್ಮಪ್ಪ ಹೇಳ್ತಿದ್ದರು ತಂಗೀ, ದುಃಖದಾಗ ಪುಸ್ತಕ ಮುಚ್ಚಿದ್ರ ಕೇಳಿದವರು ಅದನ್ನ ಹೊತಗೊಂಡು ಮನೀಗೆ ಹೋಗ್ತಾರ. ಹಂಗ ಕಳಸಬಾರದು ಮಂದೀನ.”

ನನಗೆ ಆ ನಿಯಮದ ಬೆಲೆ ತಿಳಿದದ್ದು ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡಾಗ. ವೀಸಾದ ತೊಡಕು, ಹೋಗಲಾಗಲಿಲ್ಲ. ಫೋನಿನ ಪರದೆಯಲ್ಲಿ ಅಮ್ಮನ ಮುಖ ನೋಡಿ ಮುಗಿಸಿದೆ. ಅಕ್ಕ ರೊಟ್ಟಿ, ಎಣಗಾಯಿ ತಂದಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕೂತುಬಿಟ್ಟರು. ನೀವು ಹೊರಡಿ ಅಕ್ಕಾ, ಆಫೀಸಿದೆ ಅಂದರೆ, “ನಿನ್ನ ಇಲ್ಲಿಗೇ ಬಿಟ್ಟು ಹೋಗೂದ್ಹೆಂಗ? ಇದೇನು ನಿಲ್ಲೂ ಜಾಗಾ ಏನು?” ಎಂದರು. ನಾನು ಅಮ್ಮನ ಯಾವುದೋ ಜಿಪುಣತನ ನೆನೆದು ಅಳುತ್ತಲೇ ನಕ್ಕ ಮೇಲೆ ಎದ್ದರು. ಆ ದಿನ ಅವರು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ, ದೇವರಿಗೇ ಗೊತ್ತು.

ಅಂಥವರಿಗೇ ಕ್ಯಾನ್ಸರ್ ಬಂತು. ಆಗ ಹೊರಬಂದಿದ್ದ ಸಂಪುಟದ ಕೊನೆಯಲ್ಲಿ, ಎರಡು ಲೋಕಗಳ ನಡುವಿನ ಹೊಳೆಯಲ್ಲಿ ದೋಣಿ ಒಡೆದು ಹುಡುಗಿ ಮುಳುಗಿದ್ದಳು. ಮುಂದಿನದು ಇಂಗ್ಲಿಷಿನಲ್ಲಿ ಬರಲು ತಿಂಗಳುಗಳಿದ್ದವು. ಅದನ್ನು ಓದಿದ ಶನಿವಾರ ಮಾತ್ರ ಅಕ್ಕ ಮಂಗಳಾರತಿ ಮಾಡಲಿಲ್ಲ. “ಆಕಿ ಇನ್ನಾ ನೀರಾಗ ಐದಾಳ. ಮ್ಯಾಲೆ ಬರೂತನಕ ನಾ ಎಲ್ಲಿಗೂ ಹೋಗಂಗಿಲ್ಲ,” ಎಂದು ಡಾಕ್ಟರಿಗೂ ಹೇಳಿದರಂತೆ. ಡಾಕ್ಟರಿಗೆ ಏನು ಅರ್ಥವಾಯಿತೋ.

ಔಷಧಿಗಳು ಸೋತವು. ಮನೆಯಲ್ಲೇ ಮಂಚ ಹಾಕಿ, ನರ್ಸ್ ಬಂದು ಹೋಗುವ ವ್ಯವಸ್ಥೆಯಾಯಿತು. ನಾನು ಪುಸ್ತಕದಂಗಡಿಗೆ ಫೋನ್ ಮೇಲೆ ಫೋನ್ ಮಾಡಿದೆ. ಬಂದಿಲ್ಲ, ಬಂದಿಲ್ಲ. ಹಳೆಯ ಸಂಪುಟದ ಯಾವುದಾದರೂ ಮದುವೆಯ ಪ್ರಸಂಗ ಓದಲೇ ಎಂದರೆ ಅಕ್ಕ ಬೇಡವೆಂದು ತಲೆಯಾಡಿಸಿಬಿಟ್ಟರು. “ಅದು ಗೊತ್ತಿದ್ದದ್ದು. ಮುಂದೇನಾತು?”

ಇನ್ನು ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಕೈಕಾಲು ತೊಳೆದು ಬಂದು, ಮನೆಯಲ್ಲಿದ್ದ ಒಂದು ಹಳೆಯ ಸಂಪುಟವನ್ನೇ ವ್ಯಾಸಪೀಠದ ಮೇಲಿಟ್ಟು, “ಅಕ್ಕಾ, ಹೊಸದು ಬಂತು,” ಎಂದೆ. ಅವರ ಯಜಮಾನರು ಬಾಗಿಲ ಹತ್ತಿರ ನನ್ನ ಮುಖ ನೋಡಿ, ಬಂದು ದೀಪ ಹಚ್ಚಿದರು. ಬಾಯಿಗೆ ಬಂದದ್ದು ಹೇಳುತ್ತ ಹೋದೆ. ತೇಲಿ ಬಂದ ಹಲಗೆಯೊಂದನ್ನು ಹುಡುಗಿ ಹಿಡಿದಳು, ಉಸಿರು ಎಳೆದಳು.

“ತಂಗೀ,” ಎಂದರು ಅಕ್ಕ. ಅರ್ಧ ಕಣ್ಣು ತೆರೆದಿತ್ತು. “ಹಾಳಿ ಉಲ್ಟಾ ತಿರುವಾಕತ್ತೀಯಲ್ಲ.”

ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ ಓದುವಂಥದ್ದು. ನಾನು ಗಾಬರಿಯಲ್ಲಿ ನಮ್ಮ ಕನ್ನಡ ಪುಸ್ತಕದ ಹಾಗೆ ಪುಟ ತಿರುವುತ್ತ ಕಥೆಯ ಹಿಂದಕ್ಕೆ ಹೋಗುತ್ತಿದ್ದೆ. ಸಿಕ್ಕಿಬಿದ್ದೆನಲ್ಲ ಎಂದು ಪುಸ್ತಕ ಮುಚ್ಚಲು ಹೋದೆ.

“ಇರಲಿ,” ಎಂದರು. “ನಿಲ್ಲಸಬ್ಯಾಡ. ಆಕಿನ್ನ ದಂಡಿಗೆ ಹಚ್ಚು.”

ದಂಡೆಗೆ ಹಚ್ಚಿದೆ. ಒದ್ದೆ ಬಟ್ಟೆ ಬಿಚ್ಚಿಸಿ ಒಣಗಿದ್ದು ಉಡಿಸಿದೆ. ಅಣ್ಣನನ್ನು ಹುಡುಕಿಕೊಟ್ಟೆ, ಇಬ್ಬರನ್ನೂ ಎದುರುಬದುರು ಕೂರಿಸಿ ಬಿಸಿ ಅನ್ನ ಬಡಿಸಿದೆ. ಅಳು ಬರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅಕ್ಕ ಹೊದಿಕೆಯೊಳಗಿಂದ ಎರಡೂ ಕೈ ಹೊರತೆಗೆದು ಪುಸ್ತಕಕ್ಕೆ ಮುಗಿದರು. ಅದೇ ವಾರ ಹೋದರು.

ಅಂಗಡಿಯವರು ಫೋನ್ ಮಾಡಿದಾಗ ಅವರ ತಿಥಿ ಮುಗಿದು ಎಷ್ಟೋ ದಿನಗಳಾಗಿದ್ದವು. ಪುಸ್ತಕ ತಂದು ಪಾರ್ಕಿಂಗಿನಲ್ಲಿ, ಕಾರಿನಲ್ಲೇ ಕೂತು ಓದಿದೆ, ಬಲದಿಂದ ಎಡಕ್ಕೆ, ಸರಿಯಾಗಿ. ಹುಡುಗಿ ಮೇಲೆ ಬರಲಿಲ್ಲ. ಅವಳ ಹುಟ್ಟು ಮಾತ್ರ ದಡಕ್ಕೆ ಬಂದು ಬಿದ್ದಿತ್ತು, ಅದನ್ನು ಬೇರೆ ಯಾರೋ ಎತ್ತಿಕೊಂಡರು. ಅಯ್ಯೋ ದರಿದ್ರವೇ, ಇದಕ್ಕಾಗಿ ನಮ್ಮಕ್ಕ ಜೀವ ಹಿಡಿದುಕೊಂಡಿದ್ದರಾ ಎಂದು ಜೋರಾಗಿ ಬೈದೆ, ಆಮೇಲೆ ಅತ್ತೆ. ಮುಂದೆ ಇನ್ನೂ ಪುಟಗಳಿದ್ದವು. ನನ್ನಿಂದಾಗಲಿಲ್ಲ. ಹುಡುಗಿ ಮೇಲೆ ಬಾರದ ಆ ಜಾಗದಲ್ಲೇ ಪುಸ್ತಕ ಮುಚ್ಚಿದೆ. ಬೈಯುವವರು ಯಾರೂ ಇರಲಿಲ್ಲ.